ಹಾಲು ಕುಡಿದ ರಕ್ತ

ಬಾದಾಮಿ ಅರೆದು ಹಾಕಿದ ಹಾಲಿಗೆ ಬಿಸಿ ತುಪ್ಪ ಬಿಟ್ಟಾಗ ಏಳುವ ವಾಸನೆಗೆ ಬಾಯಲ್ಲಿ ನೀರೂರದವರು ನಮ್ಮ ಕಡೆ ಸಿಗುವುದು ಕಷ್ಟ. ನನಗೆ ಮಾತ್ರ ಕೈ ಮುಷ್ಟಿಯಾಗುತ್ತದೆ. ಮೊನ್ನೆ ತಂಗಿಯ ಬಾಣಂತನಕ್ಕೆಂದು ಬೆಟಗೇರಿಗೆ ಹೋದಾಗ ಅವ್ವ ಒಲೆಯ ಮುಂದೆ ಕೂತು ಅದನ್ನೇ ಕಾಸುತ್ತಿದ್ದಳು. ಮಾರಿ ಎಷ್ಟು ಬಾಡೇತಿ ನೋಡು, ನೀನೂ ಒಂದು ಲೋಟ ಕುಡಿ ಎಂದು ನನ್ನತ್ತ ಚಾಚಿದಳು. ನಾನು ಲೋಟ ತೆಗೆದುಕೊಂಡು ನೇರ ಹಿತ್ತಲಿಗೆ ಹೋಗಿ ಬಚ್ಚಲ ಮೋರಿಗೆ ಸುರಿದೆ. ಅವ್ವ ಕಂಡುಬಿಟ್ಟಳು. ಬಾಣಂತಿಗೆ ಕಾಸಿದ ಹಾಲು ಚೆಲ್ಲುವ ಹೆಣ್ಣು ಎಂಥದ್ದು ಎಂದು ಸಂಜೆಯವರೆಗೂ ಬೈದಳು. ಬೈಸಿಕೊಂಡೆ. ಹನಮಂತನ ಸಂಗತಿ ಅವಳಿಗೆ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯುಗಾದಿಯಿಂದ ಮಹಾನವಮಿಯವರೆಗಿನ ಆರು ತಿಂಗಳ ಮಾತು ಇದು. ಆ ವರ್ಷ ನಾನು ಒಂದು ಸಂಶೋಧನಾ ಯೋಜನೆಯಲ್ಲಿ ರಕ್ತ ತೆಗೆಯುವ ಗುತ್ತಿಗೆ ಕೆಲಸಕ್ಕಿದ್ದೆ. ಗದಗಿನಲ್ಲಿ ಒಂದು ಕೋಣೆ, ಅದರಲ್ಲಿ ರಕ್ತದ ಕೊಳವೆಗಳನ್ನು ಗಿರ್ರನೆ ತಿರುಗಿಸುವ ಒಂದು ಯಂತ್ರ, ಒಂದು ದೊಡ್ಡ ಫ್ರೀಜರ್. ನಸುಕಿನ ಬಸ್ಸಿಗೆ ಐಸ್ ಡಬ್ಬಿ ಹೊತ್ತುಕೊಂಡು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ತಿರುಗುವುದು, ಮಧ್ಯಾಹ್ನದೊಳಗೆ ವಾಪಸ್ಸು ಬಂದು ರಕ್ತ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಸಣ್ಣ ಶೀಶೆಗಳಿಗೆ ತುಂಬಿ ಇಡುವುದು. ಜನ ನನ್ನನ್ನು ರಗತದ ಅಕ್ಕಾರು ಎಂದು ಕರೆಯುತ್ತಿದ್ದರು. ನನಗೂ ಆ ಹೆಸರಿನ ಮೇಲೆ ಸ್ವಲ್ಪ ಜಂಬವಿತ್ತು.

ಕೆಲಸ ಲಿವರಿನ ಕ್ಯಾನ್ಸರಿಗೆ ಸಂಬಂಧಪಟ್ಟದ್ದು. ನಮ್ಮ ಡಾಕ್ಟರ್ ಮೇಡಂ ಅದನ್ನು ಸರಳವಾಗಿ ಹೇಳಿಕೊಟ್ಟಿದ್ದರು. ಮೈಯೊಳಗಿನ ಕೊಬ್ಬಿನ ಕಾರಭಾರದಲ್ಲಿ ದೊಡ್ಡ ಪಾಲು ಲಿವರಿನದು. ತಿಂದ ಎಣ್ಣೆ ತುಪ್ಪವನ್ನು ಒಡೆದು, ಕೂಡಿಸಿ, ನೂರಾರು ಬಗೆಯ ಸಣ್ಣ ಕೊಬ್ಬುಗಳನ್ನು ಮಾಡಿ ರಕ್ತಕ್ಕೆ ಬಿಡುತ್ತದೆ. ಅಲ್ಲಿ ಗಡ್ಡೆ ಮೊಳೆತರೆ ಅದು ಬೆಳೆಯಲಿಕ್ಕೆ ಆ ಕೊಬ್ಬನ್ನೇ ಕಸಿದುಕೊಳ್ಳತೊಡಗುತ್ತದೆ. ಆಗ ರಕ್ತದಲ್ಲಿ ಕೆಲವು ಕೊಬ್ಬು ಇಳಿಯುತ್ತವೆ, ಕೆಲವು ಏರುತ್ತವೆ. ನೋವು ಬರುವ ಮೊದಲೇ, ಕಣ್ಣು ಹಳದಿಯಾಗುವ ಮೊದಲೇ ಆ ಏರಿಳಿತವನ್ನು ಹಿಡಿಯಬಹುದೇ ಎಂದು ನೋಡುವುದು ನಮ್ಮ ಯೋಜನೆ. ಇದು ಇನ್ನೂ ತೂಗಿ ನೋಡುತ್ತಿರುವ ವಿದ್ಯೆ, ಇದನ್ನು ನಂಬಿ ಯಾರಿಗೂ ಭರವಸೆ ಕೊಡಬೇಡಿ, ಸ್ಕ್ಯಾನಿಂಗ್ ಮಾಡಿಸಲೇಬೇಕು ಎಂದು ಮೇಡಂ ಪ್ರತಿ ಸೋಮವಾರ ಹೇಳುತ್ತಿದ್ದರು. ನಾನು ಪ್ರತಿ ಸೋಮವಾರ ತಲೆಯಾಡಿಸುತ್ತಿದ್ದೆ.

ಇನ್ನೊಂದು ಕಟ್ಟುನಿಟ್ಟು ಇತ್ತು. ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಬೇರೇನೂ ಮುಟ್ಟಬಾರದು. ಬೆಳಿಗ್ಗೆ ಏನಾದರೂ ಜಿಡ್ಡು ಹೊಟ್ಟೆಗೆ ಹೋದರೆ ಅದು ರಕ್ತದಲ್ಲಿ ತೇಲಿ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅಂಥ ರಕ್ತ ತಿರುಗಿಸಿದ ಮೇಲೆ ತಿಳಿ ನಿಲ್ಲುವುದಿಲ್ಲ, ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದರೆ ಚೆಲ್ಲಬೇಕು, ಮತ್ತೊಂದು ದಿನ ಹೋಗಿ ಹೊಸದು ತೆಗೆಯಬೇಕು. ನಿಯಮ ಅಷ್ಟೇ, ಮೂರು ಸಾಲಿನದ್ದು.

ಹನಮಂತ ಸಿಕ್ಕಿದ್ದು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಅದು ಅನುಭವಿಸಿದ್ದು ಸಾಕು. ಅಲ್ಲಿಯ ಗರಡಿಮನೆಯ ಪೈಲ್ವಾನರು ರಕ್ತದಾನಕ್ಕೆ ಹೋಗಿದ್ದಾಗ ನಾಲ್ವರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತ್ತು. ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವ ರೋಗ ಅದು. ಹಾಗಾಗಿ ಆ ನಾಲ್ವರು ನಮ್ಮ ಪಟ್ಟಿಗೆ ಬಂದರು. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಹೊರಗಿನ ಕಟ್ಟೆಯ ಮೇಲೆ ನನ್ನ ಡಬ್ಬಿ ಬಿಚ್ಚುತ್ತಿದ್ದೆ. ಒಳಗಿನಿಂದ ಅರಿಶಿನ, ಎಣ್ಣೆ, ಮಜ್ಜಿಗೆ ಕುಡಿದ ಕೆಂಪು ಮಣ್ಣಿನ ವಾಸನೆ, ಮೈಗೆ ಮೈ ಬಡಿಯುವ ಸದ್ದು. ಒಬ್ಬೊಬ್ಬರಾಗಿ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು ತೋಳು ಚಾಚುತ್ತಿದ್ದರು. ನೂರು ಕೆಜಿ ಎತ್ತಿ ಎಸೆಯುವ ಗಂಡಸರು ಸೂಜಿ ಕಂಡರೆ ಮುಖ ತಿರುಗಿಸುವುದನ್ನು ನೋಡಿ ನಾನು ಚೆನ್ನಾಗಿ ಕಾಡುತ್ತಿದ್ದೆ.

ಹನಮಂತ ಮುಖ ತಿರುಗಿಸುತ್ತಿರಲಿಲ್ಲ. ಲಕ್ಷ್ಮೇಶ್ವರದ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ, ಇಪ್ಪತ್ತಾರರ ಪ್ರಾಯ, ಎಡಗಿವಿ ಮುದ್ದೆಯಾಗಿ ಮುಚ್ಚಿಕೊಂಡಿತ್ತು. ಕುಸ್ತಿಯಲ್ಲಿ ಕಿವಿ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟುತ್ತದಂತೆ, ಅದು ಪೈಲ್ವಾನನಿಗೆ ಪದಕವಿದ್ದಂತೆ ಎಂದ. ಅವನ ತಲೆಯಲ್ಲಿ ಆ ವರ್ಷ ಒಂದೇ ಒಂದು ವಿಷಯ. ಹಿಂದಿನ ವರ್ಷದ ನಾಗರ ಪಂಚಮಿಗೆ ಮುಂಡರಗಿಯ ಕುಸ್ತಿ ಕಣದಲ್ಲಿ ಬೆಳಗಾವಿ ಕಡೆಯ ಒಬ್ಬ ಪೈಲ್ವಾನ ಇವನನ್ನು ಚಿತ್ ಮಾಡಿ, ಎದೆಯ ಮೇಲೆ ಕೂತು, ಸಾವಿರಾರು ಜನರ ಎದುರು ಬಾಯಿಗೆ ಮಣ್ಣು ತುರುಕಿದ್ದ. ಈ ಪಂಚಮಿಗೆ ಮತ್ತೆ ಅದೇ ಜೋಡಿ. ಅವನ ಹಲ್ಲು ಉದುರಿಸಿ ಬರ್ತೀನ್ರಿ ಅಕ್ಕಾರ ಎಂದು ನಗುತ್ತ ಹೇಳಿದ. ಆ ನಗು ನನಗೆ ಸೇರಲಿಲ್ಲ.

ಯುಗಾದಿಯ ರಕ್ತದ ಫಲಿತಾಂಶ ಬಂದಾಗ ಮೇಡಂ ಹುಬ್ಬು ಗಂಟಿಕ್ಕಿದರು. ಹನಮಂತನ ರಕ್ತದಲ್ಲಿ ಇಳಿಯಬಾರದ ಕೊಬ್ಬುಗಳು ಇಳಿದಿದ್ದವು. ಅವನನ್ನು ಗದಗಿಗೆ ಕರೆಸಿ, ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸು, ಅಲ್ಲಿಯವರೆಗೆ ಕುಸ್ತಿ ಬೇಡ ಎಂದರು. ಅವನು ಒಪ್ಪಿದಂತೆ ಮಾಡಿ ಹೋದ, ಸ್ಕ್ಯಾನಿಗೆ ಹೋಗಲಿಲ್ಲ. ಫೋನ್ ಮಾಡಿದರೆ, ಮೈಯಲ್ಲಿ ಏನೂ ಇಲ್ಲ, ಇನ್ನೊಮ್ಮೆ ರಕ್ತ ನೋಡ್ರಿ, ಆಗಲೂ ಹಂಗ ಬಂದರ ಹೋಗತೀನಿ ಎಂದು ಹಟ ಹಿಡಿದ. ಎರಡನೆಯ ಸರದಿ ಹೇಗೂ ಕಾರಹುಣ್ಣಿಮೆಯ ವಾರದಲ್ಲಿತ್ತು.

ಆ ವಾರ ಮಳೆಯ ಬದಲು ಗಾಳಿ ಬಂದಿತ್ತು. ಕಪ್ಪತಗುಡ್ಡದ ಕಡೆಯಿಂದ ಬೀಸಿ ತಗಡು ಹಾರಿಸುವ, ಕಣ್ಣಿಗೆ ಎರೆಮಣ್ಣಿನ ಧೂಳು ಹೊಡೆಯುವ ಗಾಳಿ. ಕಟ್ಟೆಯ ಮೇಲೆ ನನ್ನ ಹತ್ತಿಯ ಉಂಡೆಗಳು ಹಾರಿಹೋಗಿ ನಾನು ರೇಗಿದ್ದೆ. ಹನಮಂತ ಬಂದು ಕೂತ. ರಾತ್ರಿಯಿಂದ ಏನಾದರೂ ತಿಂದೆಯಾ, ಕುಡಿದೆಯಾ ಎಂದು ಕೇಳಿದೆ. ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ವಸ್ತಾದ ಫಕೀರಪ್ಪನವರು ನಿಂತಿದ್ದರು. ಎಪ್ಪತ್ತು ದಾಟಿದ ಗುರು, ಆ ಗರಡಿಯಲ್ಲಿ ಅವರ ಕೈ ಸನ್ನೆಯೇ ಕಾಯಿದೆ.

"ಇಲ್ರೀ ಅಕ್ಕಾರ, ನೀರಷ್ಟ" ಎಂದ ಹನಮಂತ.

ಮಧ್ಯಾಹ್ನ ಗದಗಿನ ಕೋಣೆಯಲ್ಲಿ ಯಂತ್ರ ನಿಲ್ಲಿಸಿ ಮುಚ್ಚಳ ತೆಗೆದರೆ ಹನ್ನೆರಡು ಕೊಳವೆಗಳಲ್ಲಿ ಹನ್ನೊಂದು ತಿಳಿಯಾಗಿದ್ದವು. ಒಂದು ಬೆಳ್ಳಗಿತ್ತು. ಹನಮಂತನದು. ಕೆಳಗೆ ಕೆಂಪು, ಮೇಲೆ ಗಟ್ಟಿ ಹಾಲು. ನಾನು ಅದನ್ನು ಕಿಟಕಿಗೆ ಹಿಡಿದು ನೋಡಿದೆ. ಹೊರಗೆ ಗಾಳಿ ಬಾಗಿಲನ್ನು ಪಟಪಟ ಬಡಿಯುತ್ತಿತ್ತು. ಮತ್ತೆ ಆ ಬಸ್ಸು, ಆ ಧೂಳು, ಆ ಕಟ್ಟೆ. ಅವನಿಗೆ ಫೋನ್ ಮಾಡಿದರೆ ಜಿನ್ನಿನ ಗದ್ದಲದಲ್ಲಿ ಎತ್ತುವುದಿಲ್ಲ. ಆಗ ನನ್ನ ತಲೆಗೆ ಒಂದು ಜಾಣತನ ಹೊಳೆಯಿತು. ದಿನಾ ಸೇರುಗಟ್ಟಲೆ ಹಾಲು, ವಾಟಿಗಟ್ಟಲೆ ತುಪ್ಪ ಇಳಿಸುವ ಪೈಲ್ವಾನ, ಇವನ ರಕ್ತ ಹೀಗೇ ಇರಬೇಕು ಎಂದುಕೊಂಡೆ. ಯುಗಾದಿಯಲ್ಲಿ ಇದೇ ಪೈಲ್ವಾನನ ರಕ್ತ ತಿಳಿಯಾಗಿತ್ತು ಎಂಬುದು ನೆನಪಿತ್ತು. ನೆನಪಿದ್ದೂ ಹಾಳೆಯಲ್ಲಿ ಖಾಲಿ ಹೊಟ್ಟೆ ಎಂಬುದರ ಮುಂದೆ ಹೌದು ಎಂದು ಬರೆದೆ. ಬೆಳ್ಳಗಿತ್ತು ಎಂಬುದನ್ನು ಎಲ್ಲಿಯೂ ಬರೆಯಲಿಲ್ಲ.

ತಿಂಗಳ ಮೇಲೆ ಫಲಿತಾಂಶ ಬಂತು. ಇಳಿದಿದ್ದ ಕೊಬ್ಬುಗಳು ಏರಿದ್ದವು. ಇದೇನೋ ವಿಚಿತ್ರವಾಗಿದೆ, ಆದರೂ ಸ್ಕ್ಯಾನ್ ಆಗಲೇಬೇಕು ಎಂದು ಹೇಳು ಎಂದರು ಮೇಡಂ. ನಾನು ಫೋನ್ ಹಚ್ಚಿದೆ. ಎರಡು ಮಾತು ಹೇಳಬೇಕಿತ್ತು. ಮೊದಲು ಯಾವುದನ್ನು ಹೇಳಿದೆನೋ ಅದೇ ಅವನ ಪಾಲಿನ ತೀರ್ಪಾಯಿತು. ಈ ಸಲ ಚಲೋ ಬಂದೈತಿ ನೋಡಪ, ಎಂದೆ. ಆಮೇಲೆ ಹೇಳಿದ ಸ್ಕ್ಯಾನಿನ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ ದೇವರೇ ಬಲ್ಲ. ಆ ಕಡೆಯಿಂದ ಅವನು ಯಾರಿಗೋ, ವಸ್ತಾದರ, ಪಾಸಾದೆ, ಎಂದು ಕೂಗಿ ಹೇಳುವುದು ಕೇಳಿಸಿತು.

ಪಂಚಮಿಯ ಮರುದಿನ ಮುಂಡರಗಿಯಲ್ಲಿ ನನಗೂ ಕೆಲಸವಿತ್ತು. ಮುಗಿಸಿ ಬಸ್ ಸ್ಟ್ಯಾಂಡಿಗೆ ಹೊರಟವಳು ಹಲಗೆ ಬಾರಿಸುವ ಸದ್ದು ಕೇಳಿ ಕಣದ ಪಕ್ಕದ ಒಂದು ಮನೆಯ ಮಾಳಿಗೆ ಹತ್ತಿದೆ. ಅಲ್ಲಿ ಹತ್ತಾರು ಹೆಂಗಸರು ಉಂಡಿ ತಿನ್ನುತ್ತ ನಿಂತಿದ್ದರು. ಕೆಳಗೆ ಆ ಇಬ್ಬರು. ಕುಸ್ತಿಯನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಅದು ಆಟ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಹಣೆಗೆ ಹಣೆ ಹೊಡೆದು ಹುಬ್ಬು ಸೀಳಿತು. ಬೆಳಗಾವಿಯವನು ಹನಮಂತನ ಮುದ್ದೆ ಕಿವಿಯನ್ನು ಮುಂಗೈಯಿಂದ ಅರೆಯುತ್ತಿದ್ದ. ರಕ್ತ ಕುತ್ತಿಗೆಗಿಳಿದು ಕೆಂಪು ಮಣ್ಣಿನಲ್ಲಿ ಬೆರೆತು ಕಾಣದಂತಾಯಿತು. ಜನ ಹೊಡಿ, ಮುರಿ ಎಂದು ಗಂಟಲು ಹರಿಯುವಂತೆ ಒದರುತ್ತಿದ್ದರು. ಹನಮಂತ ಕೆಳಗೆ ಬಿದ್ದ. ಬೆಳಗಾವಿಯವನು ಮೇಲೆ ಹಾರಿ ಪೂರ್ತಿ ಭಾರ ಬಿಟ್ಟು ಮಂಡಿಯನ್ನು ಬಲಪಕ್ಕೆಯ ಕೆಳಗೆ ಊರಿದ. ಒಮ್ಮೆ ಅಲ್ಲ, ಮೂರು ಸಲ. ನನ್ನ ಕೈ ತಾನಾಗಿ ನನ್ನ ಬಲಪಕ್ಕೆಗೆ ಹೋಯಿತು. ಅಲ್ಲಿ ಏನಿರುತ್ತದೆ ಎಂದು ಆ ಮಾಳಿಗೆಯ ಮೇಲೆ ತಿಳಿದಿದ್ದವಳು ನಾನೊಬ್ಬಳೇ.

ಹನಮಂತ ಗೆದ್ದ. ಹೇಗೆ ಎದ್ದನೋ, ಎದುರಾಳಿಯ ಕಾಲು ಹಿಡಿದು ತಿರುವಿ ನೆಲಕ್ಕೆ ಅಪ್ಪಳಿಸಿದ. ಭುಜದ ಮೂಳೆ ಮುರಿದ ಸದ್ದು ಮಾಳಿಗೆಗೂ ಕೇಳಿತು. ಹನಮಂತ ಅವನ ಎದೆಯ ಮೇಲೆ ಕೂತು, ಬಾಯಿ ತೆರೆಸಿ, ಹಿಡಿ ಮಣ್ಣು ತುರುಕಿದ. ಜನ ಹನಮಂತನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಕುಣಿಯುತ್ತಿದ್ದಂತೆ ಅವನ ತಲೆ ಹಿಂದಕ್ಕೆ ವಾಲಿತು. ಯಾರೂ ನೋಡಲಿಲ್ಲ. ಕುಣಿತ ಇನ್ನೂ ಒಂದು ಸುತ್ತು ನಡೆಯಿತು. ನಾನು ಮೆಟ್ಟಿಲಿಳಿದು, ಜನರನ್ನು ಗುದ್ದಿ, ಐಸ್ ಡಬ್ಬಿಯಿಂದ ಒಬ್ಬನ ಬೆನ್ನಿಗೆ ಹೊಡೆದು ಹತ್ತಿರ ಹೋಗುವಷ್ಟರಲ್ಲಿ ಅವನ ಮುಖ ಸುಣ್ಣದಂತಾಗಿತ್ತು, ಹೊಟ್ಟೆ ಉಬ್ಬಿ ಬಿಗಿದಿತ್ತು. ಲಿವರಿನ ಗಡ್ಡೆ ಒಡೆದು ಒಳಗೆಲ್ಲ ರಕ್ತ ತುಂಬುತ್ತಿತ್ತು.

ಟೆಂಪೊದಲ್ಲಿ ಗದಗ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿ. ಗಡ್ಡೆಗೆ ರಕ್ತ ಕೊಡುವ ನಾಳವನ್ನು ಮುಚ್ಚಿ ಜೀವ ಉಳಿಸಿದರು. ಎರಡು ತಿಂಗಳ ಹಿಂದೆ ಸ್ಕ್ಯಾನಿನಲ್ಲಿ ಸಿಕ್ಕಿದ್ದರೆ ಕತ್ತರಿಸಿ ತೆಗೆಯುವಂಥದ್ದು, ಈಗ ಒಡೆದು ಹೊಟ್ಟೆಯೊಳಗೆ ಚೆಲ್ಲಿದೆ ಎಂದರು ಅಲ್ಲಿಯ ಡಾಕ್ಟರು. ಈ ಮಾತನ್ನು ಕೇಳುವಾಗ ಹನಮಂತನ ಅಣ್ಣ ಶಿವಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಮೇಡಂ ಬಂದು, ಒಂದೇ ಗರಡಿಯ ನಾಲ್ವರಿಗೆ ಈ ವೈರಸ್ ಹೇಗೆ ಬಂತು ಎಂದು ಹನಮಂತನನ್ನು ಕೇಳಿದರು. ಅವನು ಮಲಗಿದಲ್ಲಿಂದಲೇ ಕಿವಿ ಮುಟ್ಟಿ ತೋರಿಸಿದ. ಕಿವಿಯಲ್ಲಿ ರಕ್ತ ಕಟ್ಟಿದಾಗಲೆಲ್ಲ ವಸ್ತಾದರು ಸಿರಿಂಜಿನಿಂದ ಎಳೆಯುತ್ತಿದ್ದರಂತೆ. ಎಲ್ಲರಿಗೂ ಅದೇ ಸಿರಿಂಜು, ಅದೇ ಸೂಜಿ. ನಡುವೆ ಬಿಸಿನೀರಲ್ಲಿ ಒಮ್ಮೆ ತೊಳೆಯುತ್ತಿದ್ದರಂತೆ. ಶಿವಪ್ಪ ತಮ್ಮನ ಆ ಕಿವಿಯನ್ನೊಮ್ಮೆ ನೋಡಿ ಹೊರಗೆ ನಡೆದ.

ಎರಡು ವಾರದ ನಂತರ ಶನಿವಾರ ಬೆಳಿಗ್ಗೆ ನಾನು ಉಳಿದ ಮೂವರ ರಕ್ತಕ್ಕೆ ಗರಡಿಯ ಕಟ್ಟೆಯ ಮೇಲೆ ಕೂತಿದ್ದೆ. ವಸ್ತಾದರು ಒಳಗೆ ಸಲಿಕೆಯಿಂದ ಮಣ್ಣು ತಿರುವುತ್ತಿದ್ದರು. ಶಿವಪ್ಪ ಇನ್ನಿಬ್ಬರೊಂದಿಗೆ ಬೈಕಿನಲ್ಲಿ ಬಂದವನೇ ಚಪ್ಪಲಿ ಬಿಡದೆ ಒಳನುಗ್ಗಿದ. ಸೂಜಿ ಎಲ್ಲಿ ಎಂದು ಕೇಳಿದ. ಮುದುಕರು ಗೂಡಿನಿಂದ ತಾವೇ ಒಂದು ಸ್ಟೀಲ್ ಡಬ್ಬಿ ತಂದು ತೆರೆದು ತೋರಿಸಿದರು. ಬಟ್ಟೆಯಲ್ಲಿ ಸುತ್ತಿಟ್ಟ ಗಾಜಿನ ಸಿರಿಂಜು, ಮಗುವನ್ನು ಮಲಗಿಸಿದಷ್ಟು ಜೋಪಾನವಾಗಿ. ಶಿವಪ್ಪ ಅದನ್ನು ಕಂಬಕ್ಕೆ ಹೊಡೆದು ಪುಡಿ ಮಾಡಿದ. ಸಲಿಕೆ ಕಿತ್ತುಕೊಂಡ, ಅದರ ಮರದ ಕಾವಿನಿಂದ ಹೊಡೆಯತೊಡಗಿದ. ಬೆನ್ನು, ಮೊಣಕೈ, ತಲೆ. ಒಂದು ಕಾಲಕ್ಕೆ ಮೂರು ಜಿಲ್ಲೆಗಳಲ್ಲಿ ಜೋಡಿ ಸಿಗದ ಆಳು ಕೈ ಎತ್ತಲಿಲ್ಲ. ಮಂಡಿಯೂರಿ ಮಣ್ಣಿನಲ್ಲಿ ಕೂತರು. ಅವರ ಶಿಷ್ಯರು ಮೂವರೂ ಗೋಡೆಗೆ ಒರಗಿ ನಿಂತುಬಿಟ್ಟರು.

"ಹೊಡಿ ತಮ್ಮಾ, ಸೂಜಿ ನಂದು" ಎಂದರು ವಸ್ತಾದರು. ಕಿವಿಯಿಂದ ರಕ್ತ ಇಳಿಯುತ್ತಿತ್ತು. "ಅವತ್ತ ರಗತ ಕೊಡೂ ಮುಂಜಾನಿ ಹಾಲು ಕುಡಿಸಿದಾಂವನೂ ನಾನ. ಬಾದಾಮಿ, ತುಪ್ಪ ಹಾಕಿ. ಖಾಲಿ ಹೊಟ್ಟೀಲೆ ರಗತ ಕೊಟ್ಟರ ಕುಸ್ತಿಗೆ ಕಸುವು ಉಳಿಯಂಗಿಲ್ಲ ಅಂತ ತಿಳಿದ್ನಿ. ಅಕ್ಕಾರಿಗೆ ಹೇಳಬ್ಯಾಡ ಅಂದಾಂವನೂ ನಾನ. ಗುರುವಿನ ಮಾತು ಅವ ಮೀರಲಿಲ್ಲ."

ಹಾಲಿಗೂ ಇದಕ್ಕೂ ಏನು ಸಂಬಂಧ ಎಂದು ಶಿವಪ್ಪನಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಅದಕ್ಕೂ ಸೇರಿಸಿ ಹೊಡೆದ. ತಿಳಿದದ್ದು ನನಗೊಬ್ಬಳಿಗೆ. ನಾನು ಹೊಸ್ತಿಲು ದಾಟಿದೆ. ಹೆಂಗಸು ಕಾಲಿಡದ ಮಣ್ಣಿನಲ್ಲಿ ಚಪ್ಪಲಿ ಸಮೇತ ಓಡಿ ಆ ಕಾವಿಗೆ ಅಡ್ಡ ಬಿದ್ದೆ. ಒಂದು ಏಟು ನನ್ನ ಮುಂಗೈಗೆ ಬಿತ್ತು, ಎಲುಬು ಬಿರುಕು ಬಿಟ್ಟಿತು. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಕಿರುಚಿದೆ, ಶಿವಪ್ಪ ಸಲಿಕೆ ಎಸೆದು ಜೊತೆಯವರೊಂದಿಗೆ ಹೋದ. ಊರಿನವರು ನನ್ನನ್ನು ದೊಡ್ಡ ಧೈರ್ಯಗಾತಿ ಎಂದು ಹೊಗಳಿದರು. ಆದರೆ ಹೇಳಬೇಕಾದದ್ದನ್ನು ನಾನು ಅಲ್ಲಿ ಹೇಳಲಿಲ್ಲ. ಹಾಲು ಕುಡಿಸಿದ್ದು ಮುದುಕರ ಅಜ್ಞಾನ, ಹಾಲನ್ನು ಕಂಡೂ ಮುಚ್ಚಿಟ್ಟದ್ದು ನನ್ನ ಸೋಮಾರಿತನ. ಆ ಏಟುಗಳಲ್ಲಿ ನನ್ನ ಪಾಲಿನವೂ ಅವರ ಬೆನ್ನಿಗೇ ಬಿದ್ದವು. ಅವರು ಬಲಗೈ ಮುರಿಸಿಕೊಂಡರು, ಆಮೇಲೆ ಎಂದೂ ಸಲಿಕೆ ಹಿಡಿಯಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು, ಇವತ್ತಿಗೂ ಆಗುತ್ತದೆ.

ಮಹಾನವಮಿಗೆ ಮೊದಲು ಹನಮಂತನ ಮೂರನೆಯ ರಕ್ತ ಬೇಕಿತ್ತು. ಚಿಕಿತ್ಸೆಯ ನಂತರ ಗಡ್ಡೆ ಮತ್ತೆ ತಲೆಯೆತ್ತುತ್ತಿದೆಯೇ ಎಂದು ಆ ಕೊಬ್ಬುಗಳ ಮೂಲಕ ಗಮನಿಸಬೇಕಿತ್ತು, ಈ ಸಲ ಸ್ಕ್ಯಾನಿನ ಜೊತೆಗೆ. ಮುಂಗೈಗೆ ಹಾಕಿದ್ದ ಕಟ್ಟು ಬಿಚ್ಚಿ ವಾರವಾಗಿತ್ತು. ಅವನ ಮನೆಗೆ ಹೋದೆ. ಹೊರಗೆ ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದರು. ಅವನು ಗೋಡೆಗೆ ಒರಗಿ ಕೂತಿದ್ದ, ಎದೆಯ ಎಲುಬುಗಳನ್ನು ಎಣಿಸಬಹುದಿತ್ತು, ಆ ಮುದ್ದೆ ಕಿವಿ ಮಾತ್ರ ಇದ್ದಷ್ಟೇ ದೊಡ್ಡದಾಗಿತ್ತು. ರಬ್ಬರ್ ಪಟ್ಟಿ ಕಟ್ಟಲು ಅವನ ತೋಳಿನಲ್ಲಿ ಜಾಗ ಹುಡುಕಬೇಕಾಯಿತು. ಕೊಳವೆ ತುಂಬಿ ಟ್ರೇಯಲ್ಲಿಟ್ಟೆ. ಆಮೇಲೆ ಹೇಳಿದೆ. ಕಾರಹುಣ್ಣಿಮೆಯ ರಕ್ತ ಬೆಳ್ಳಗಿತ್ತು, ನನಗೆ ಕಂಡಿತ್ತು, ಚೆಲ್ಲಬೇಕಿತ್ತು, ಚೆಲ್ಲದೆ ಸುಳ್ಳು ಬರೆದೆ, ನೀನು ಪಾಸಾದದ್ದು ಆ ಸುಳ್ಳಿನಿಂದ ಎಂದು ಒಂದೇ ಉಸಿರಿಗೆ ಹೇಳಿದೆ.

ಅವನು ಟ್ರೇಗೆ ಕೈ ಬೀಸಿ ಹೊಡೆದ. ಅಷ್ಟು ಬಲ ಅವನಲ್ಲಿ ಎಲ್ಲಿ ಉಳಿದಿತ್ತೋ, ಕೊಳವೆ ಎದುರು ಗೋಡೆಗೆ ಅಪ್ಪಳಿಸಿ ಒಡೆದು, ಅವನ ರಕ್ತ ಸುಣ್ಣದ ಮೇಲೆ ಹರಿದು ಇಳಿಯಿತು. ಅಡುಗೆಮನೆಯಿಂದ ಶಿವಪ್ಪ ಓಡಿ ಬಂದ. ಏನಾತು ಎಂದು ಕೇಳಿದ. ಹನಮಂತ ಹೇಳಿಬಿಟ್ಟರೆ ನನ್ನ ಮೇಲೂ ಸಲಿಕೆ ಬೀಳುತ್ತದೆ, ಬೀಳಲಿ ಎಂದು ನಾನು ತಲೆ ತಗ್ಗಿಸಿ ಕೂತೆ. ಹನಮಂತ, ಕೈ ತಾಗಿ ಬಿತ್ತು, ನೀ ಒಳಗ ಹೋಗು ಎಂದ. ಅಣ್ಣ ಹೋದ ಮೇಲೆ ಅವನು ಇನ್ನೊಂದು ತೋಳನ್ನು ನನ್ನ ಮುಂದೆ ಚಾಚಿದ.

"ಮತ್ತೊಂದ ಸೂಜಿ ಐತಿಲ್ರೀ? ತಗೀರಿ. ರಾತ್ರಿಯಿಂದ ನೀರೂ ಕುಡದಿಲ್ಲ. ಈ ಸಲ ಖರೆ ಬರೀರಿ."

ತೆಗೆದೆ. ಮೂರು ಸಲ ಚುಚ್ಚಬೇಕಾಯಿತು, ಅವನು ಮುಖ ತಿರುಗಿಸಲಿಲ್ಲ. ಗದಗಿನ ಕೋಣೆಯಲ್ಲಿ ಯಂತ್ರ ನಿಂತ ಮೇಲೆ ಆ ಕೊಳವೆಯನ್ನು ಕಿಟಕಿಗೆ ಹಿಡಿದೆ. ಮೇಲೆ ತಿಳಿ ಹಳದಿ, ಬಿಳಿಯ ಸುಳಿವೇ ಇಲ್ಲ. ಅಷ್ಟು ತಿಳಿಯಾದ ರಕ್ತದಲ್ಲಿ ಅಷ್ಟು ಕೆಟ್ಟ ಸುದ್ದಿ ಇತ್ತು ಎಂದು ಆಮೇಲೆ ಗೊತ್ತಾಯಿತು. ಕೊಬ್ಬುಗಳು ಯುಗಾದಿಗಿಂತಲೂ ಕೆಳಗೆ ಕುಸಿದಿದ್ದವು, ಸ್ಕ್ಯಾನೂ ಅದನ್ನೇ ಹೇಳಿತು. ಮುಂದಿನ ಯುಗಾದಿಯನ್ನು ಹನಮಂತ ನೋಡಲಿಲ್ಲ. ಗರಡಿಯ ಉಳಿದವರನ್ನೆಲ್ಲ ಮೇಡಂ ಪರೀಕ್ಷಿಸಿ, ವೈರಸ್ ಇಲ್ಲದವರಿಗೆ ಲಸಿಕೆ ಹಾಕಿಸಿದರು. ನನ್ನ ಗುತ್ತಿಗೆ ಮಹಾನವಮಿಯ ತಿಂಗಳೇ ಮುಗಿಯಿತು, ಮುಗಿಯುವಂಥ ಕೆಲಸವನ್ನು ನಾನೇ ಮಾಡಿದ್ದೆ. ಆ ಮೂರನೆಯ ರಕ್ತ ತಿರುಗಿಸಿದ ಮಧ್ಯಾಹ್ನ ಹೊಸ ಹಾಳೆಯಲ್ಲಿ ಖಾಲಿ ಹೊಟ್ಟೆ, ಹೌದು ಎಂದು ಬರೆದ ಮೇಲೆ ಕಪಾಟಿನಿಂದ ಕಾರಹುಣ್ಣಿಮೆಯ ಹಾಳೆಯನ್ನು ಹೊರಗೆ ತೆಗೆದಿದ್ದೆ. ಅಲ್ಲಿದ್ದ ಹೌದು ಎಂಬುದರ ಮೇಲೆ ಗೆರೆ ಎಳೆದು, ಈ ರಕ್ತ ಹಾಲಿನಂತೆ ಬೆಳ್ಳಗಿತ್ತು, ಕಂಡೂ ಸುಳ್ಳು ಬರೆದವಳು ನಾನು ಎಂದು ಪಕ್ಕದಲ್ಲಿ ಬರೆದೆ. ಕೆಳಗೆ ಪೂರ್ತಿ ಹೆಸರು ಹಾಕಿ ರುಜು ಮಾಡಿದೆ.